ರೀಲ್ಸ್‌ನಲ್ಲಿ ಹೇಳಿದ್ದಕ್ಕೂ ನಮ್ಮನೆಯಲ್ಲಿ ಆದದ್ದಕ್ಕೂ ತಾಳೆಯೇ ಆಗುವುದಿಲ್ಲ. ಗಾಬರಿಯಲ್ಲಿ ಗಂಡಸರ ಮೆದುಳು ಬೇರೆ, ಹೆಂಗಸರದ್ದು ಬೇರೆಯಾ?

ಕಂಗಿನತೋಟ, ಬದಿಯಡ್ಕ ಹತ್ತಿರ

ಎಲ್ಲರಿಗೂ ನಮಸ್ಕಾರ. ಕೊಳೆರೋಗ, ಮೈಲುತುತ್ತು, ಅಡಿಕೆ ರೇಟು ಅಂತ ಇಲ್ಲಿ ಓದಿ ಸುಮ್ಮನೆ ಹೋಗುವವಳು ನಾನು. ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆದೀತು.

ಹೋದ ವರ್ಷ ಆಟಿ ತಿಂಗಳು. ಜಡಿಮಳೆ, ರಾತ್ರಿ ಎರಡು ಗಂಟೆ. ಕರೆಂಟು ಸಂಜೆಯೇ ಹೋಗಿತ್ತು. ನಮ್ಮ ಮಾವನಿಗೆ 78 ವರ್ಷ. ಬಚ್ಚಲಿಗೆ ಹೋದವರು ಜಾರಿ ಬಿದ್ದರು, ತಲೆ ಹಂಡೆಯ ಅಂಚಿಗೆ ಬಡಿಯಿತು. ಟಾರ್ಚು ಹಿಡಿದು ನೋಡಿದರೆ ನೀರಿನ ಜೊತೆ ಕೆಂಪು ಹರಿಯುತ್ತಿತ್ತು.

ನಮ್ಮ ಯಜಮಾನರು ಜಗಲಿಯಲ್ಲಿ ಕೂತು ಫೋನು ಹಿಡಿದರು. ಪುತ್ತೂರಿನ ಅಕ್ಕನಿಗೆ, ಭಾವನಿಗೆ, ಬೆಂಗಳೂರಿನ ತಮ್ಮನಿಗೆ. ಎಲ್ಲರ ಹತ್ತಿರವೂ ಅಳು. ನಾನು ಬೈರಾಸು ಹರಿದು ಮಾವನ ತಲೆಗೆ ಬಿಗಿಯಾಗಿ ಕಟ್ಟಿದೆ. ಆಚೆಮನೆ ಹುಡುಗನನ್ನು ಕೂಗಿ ಕರೆದೆ. ಇಬ್ಬರೂ ಸೇರಿ ಮಾವನನ್ನು ಒಮ್ನಿಯ ಹಿಂದೆ ಮಲಗಿಸಿದೆವು. ಯಜಮಾನರು ಅಪ್ಪನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು, ನಾನು ಓಡಿಸಿದೆ. ಕುಂಬಳೆಗೆ ಇಳಿದು, ಹೈವೇ ಹಿಡಿದು, ಸೀದಾ ಮಂಗಳೂರು. ವೈಪರಿನ ಒಂದು ಬದಿಯ ರಬ್ಬರು ಹೋಗಿ ಗಾಜನ್ನು ಕೆರೆಯುತ್ತಿತ್ತು. ನನಗೆ ನೆನಪಿರುವುದು ಆ ಕರಕರ ಶಬ್ದ ಒಂದೇ. ಉಪ್ಪಳ, ತಲಪಾಡಿ ಯಾವಾಗ ದಾಟಿದೆನೋ ಗೊತ್ತಿಲ್ಲ. ಬಾಯಲ್ಲಿ ಒಂದು ಮಾತಿಲ್ಲ, ಕಣ್ಣಲ್ಲಿ ಒಂದು ಹನಿಯಿಲ್ಲ. ಆಸ್ಪತ್ರೆಯಲ್ಲಿ ಸಹಿ ಹಾಕಿದ್ದೂ ನಾನೇ. ಹನ್ನೊಂದು ಹೊಲಿಗೆ, ಎರಡು ದಿನ ಅಲ್ಲೇ. ಮಾವ ಈಗ ಆರಾಮ ಇದ್ದಾರೆ. ಮೊನ್ನೆ ಹಲಸಿನ ಹಪ್ಪಳ ಜಾಸ್ತಿ ತಿಂದು ನನ್ನ ಹತ್ತಿರ ಬೈಸಿಕೊಂಡರು.

ಊರೆಲ್ಲ ನನ್ನನ್ನು ಗಟ್ಟಿಗಿತ್ತಿ ಅಂದಿತು. ಗಟ್ಟಿಗಿತ್ತಿಯ ಕಥೆ ಶುರುವಾದದ್ದು ಐದನೇ ದಿನ. ಕಾಯಿ ತುರಿಯುತ್ತಿದ್ದೆ, ಯಾರೋ ಲೋಟ ಬೀಳಿಸಿದರು. ಜೀವ ಬಾಯಿಗೆ ಬಂತು. ಕೈ ನಡುಗಿ ಬೆರಳು ಹೆರೆಮಣೆಯ ಹಲ್ಲಿಗೆ ತಾಗಿತು. ಅವತ್ತಿನಿಂದ ದಿನಾ ರಾತ್ರಿ ಎರಡು ಗಂಟೆಗೆ ಎಚ್ಚರ. ಎರಡು ತಿಂಗಳು ಹೀಗೇ. ಯಜಮಾನರದ್ದು ಮೂರನೇ ದಿನದಿಂದಲೇ ಗೊರಕೆ.

ಈಗ ನಾದಿನಿಯ ಮಗಳು ವಾಟ್ಸಾಪಿನಲ್ಲಿ ಒಂದು ರೀಲ್ಸ್ ಕಳಿಸಿದ್ದಾಳೆ. ಕೋಟು ಹಾಕಿದವರೊಬ್ಬರು ಹೇಳುತ್ತಾರೆ: ಒತ್ತಡ ಬಂದರೆ ಗಂಡಸರ ಮೆದುಳು ‘ಹೊಡೆ ಇಲ್ಲವೇ ಓಡು’ ಅನ್ನುತ್ತದೆ, ಹೆಂಗಸರ ಮೆದುಳು ‘ನಾಲ್ಕು ಜನರನ್ನು ಸೇರಿಸು, ಮಾತಾಡು, ಅಳು’ ಅನ್ನುತ್ತದೆ, ಇದು ವಿಜ್ಞಾನ. ನಮ್ಮನೆಯಲ್ಲಿ ಪೂರಾ ಉಲ್ಟಾ ಅಲ್ವಾ? ನಮ್ಮಿಬ್ಬರ ತಲೆಯ ವಯರಿಂಗ್ ಅದಲುಬದಲಾಗಿದೆಯಾ, ಇಲ್ಲ ರೀಲ್ಸೇ ಬುರುಡೆಯಾ? ನನಗೆ 48. ತಮಾಷೆಗೆ ಕೇಳುತ್ತಿಲ್ಲ. ಆ ಎರಡು ಗಂಟೆಯ ಎಚ್ಚರ ವಾರಕ್ಕೊಮ್ಮೆಯಾದರೂ ಈಗಲೂ ಬರುತ್ತದೆ.

ಮುದಿಮೀಸೆ, ಕಾಸರಗೋಡು ಪೇಟೆ

ತಂಗೀ, ಜಾಸ್ತಿ ಯೋಚನೆ ಬೇಡ. ಗಂಡಸರು ಗಟ್ಟಿ, ಹೆಂಗಸರು ಮೃದು. ಅದು ಪ್ರಕೃತಿ. ನಿಮ್ಮ ಯಜಮಾನರು ಸ್ವಲ್ಪ ಸೂಕ್ಷ್ಮದವರು ಅಷ್ಟೇ. ರಾತ್ರಿ ಒಂದು ಲೋಟ ಬಿಸಿ ಹಾಲು ಕುಡಿದು ಮಲಗಿ.

ಕಂಗಿನತೋಟ

ಹಾಲೂ ಕುಡಿದಾಯಿತು ಅಣ್ಣ. ಎರಡು ಗಂಟೆಯ ಎಚ್ಚರ ಹೋಗಲಿಲ್ಲ, ಅದರ ಜೊತೆ ಮೂರು ಗಂಟೆಗೆ ಬಚ್ಚಲಿಗೂ ಹೋಗುವ ಹಾಗಾಯಿತು.

ಇಲಿಬೋನು, ನೀರ್ಚಾಲು, ಈಗ ಬೆಂಗಳೂರು

ಅಕ್ಕ, ನಾನು ಒಂದು ಲ್ಯಾಬಿನಲ್ಲಿ ಐದು ವರ್ಷ ಇಲಿಗಳ ಒತ್ತಡದ ಮೇಲೆ ಕೆಲಸ ಮಾಡಿದವಳು. ‘ಮಗಳು ಬೆಂಗಳೂರಿನಲ್ಲಿ ಇಲಿ ಸಾಕುತ್ತಾಳೆ’ ಅಂತಲೇ ನಮ್ಮಮ್ಮ ಇವತ್ತಿಗೂ ಊರಿನಲ್ಲಿ ಹೇಳುವುದು. ರೀಲ್ಸ್ ಪೂರ್ತಿ ಬುರುಡೆ ಅಲ್ಲ. ಒಂದು ಊಹೆಯನ್ನು ಹಿಡಿದು ಕಾನೂನು ಮಾಡಿಬಿಟ್ಟಿದೆ.

‘ಹೊಡೆ ಇಲ್ಲವೇ ಓಡು’ ಅನ್ನುವುದು ಅಮೆರಿಕದ ವಾಲ್ಟರ್ ಕ್ಯಾನನ್ ಹೇಳಿದ್ದು, ಸುಮಾರು ನೂರು ವರ್ಷ ಹಿಂದೆ. ಆಮೇಲೆ ದಶಕಗಟ್ಟಲೆ ಅದರ ಮೇಲೆ ಪ್ರಯೋಗ ನಡೆಯಿತು. ಯಾರ ಮೇಲೆ? ಗಂಡು ಇಲಿಗಳು, ಕಾಲೇಜಿನ ಗಂಡು ಮಕ್ಕಳು. 1995ಕ್ಕೆ ಮೊದಲಿನ ಒತ್ತಡದ ಪ್ರಯೋಗಗಳಲ್ಲಿ ಪಾಲ್ಗೊಂಡವರ ಪೈಕಿ ಹೆಂಗಸರು ನೂರಕ್ಕೆ 17ರಷ್ಟು ಮಾತ್ರ. ಇದನ್ನು ಎತ್ತಿ ಹೇಳಿದವರು ಕ್ಯಾಲಿಫೋರ್ನಿಯಾದ ಶೆಲ್ಲಿ ಟೇಲರ್ ಮತ್ತು ಅವರ ಜೊತೆಯವರು, 2000ದಲ್ಲಿ. ಬಸುರಿಯೋ, ಕಂಕುಳಲ್ಲಿ ಮಗು ಇರುವವಳೋ ಹೊಡೆಯುವುದೂ ಕಷ್ಟ, ಓಡುವುದೂ ಕಷ್ಟ. ಹಾಗಾಗಿ ತನ್ನವರನ್ನು ಕಾಯುವುದು, ಬೇರೆಯವರ ಜೊತೆ ಸೇರಿಕೊಳ್ಳುವುದು ಹೆಣ್ಣಿನ ದಾರಿ ಇರಬಹುದು. ಅದರಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಪಾತ್ರ ಇರಬಹುದು. ಅವರು ಹೇಳಿದ್ದು ಇಷ್ಟು. ನಿಮ್ಮ ಕೋಟಿನವರು ಎರಡೂ ‘ಇರಬಹುದು’ಗಳನ್ನು ಕತ್ತರಿಸಿದ್ದಾರೆ.

ಇನ್ನೊಂದು. ಕಾಯುವುದು ಅಂದರೆ ಅಳುವುದು ಅಂತ ಟೇಲರ್ ಎಲ್ಲಿಯೂ ಹೇಳಲಿಲ್ಲ. ಬೈರಾಸು ಹರಿದು ಮಾವನ ತಲೆಗೆ ಕಟ್ಟಿದಿರಲ್ಲ, ಅದಕ್ಕಿಂತ ದೊಡ್ಡ ಕಾಯುವಿಕೆ ಬೇಕಾ?

ನಿಮ್ಮ ಯಜಮಾನರ ಪರವಾಗಿಯೂ ಒಂದು ಸಾಕ್ಷಿ ಉಂಟು. 2012ರಲ್ಲಿ ಜರ್ಮನಿಯ ಫ್ರೈಬುರ್ಗ್‌ನವರು ಗಂಡಸರನ್ನು ಮಾತ್ರ ಕರೆದು, ಒತ್ತಡ ಕೊಟ್ಟು, ಆಮೇಲೆ ದುಡ್ಡಿನ ಆಟ ಆಡಿಸಿದರು. ಒತ್ತಡ ಅನುಭವಿಸಿದ ಗಂಡಸರು ಹೊಡೆದಾಟಕ್ಕೆ ಹೋಗಲಿಲ್ಲ. ಬೇರೆಯವರನ್ನು ನಂಬುವುದು, ಹಂಚಿಕೊಳ್ಳುವುದು ಅವರಲ್ಲಿ ಜಾಸ್ತಿಯಾಯಿತು. ಜಗಲಿಯಲ್ಲಿ ಕೂತು ಅಕ್ಕನಿಗೆ ಫೋನು ಮಾಡಿದ ಗಂಡಸು ಏನೂ ಅಪರೂಪದ ಪ್ರಾಣಿ ಅಲ್ಲ.

ಹಾಗಾದರೆ ವ್ಯತ್ಯಾಸವೇ ಇಲ್ವಾ ಅಂದರೆ, ಉಂಟು. ಎಲ್ಲಿ ಅಂತ ನೋಡಬೇಕು. ರಕ್ತ ಕಂಡ ಕೂಡಲೇ ಅಡ್ರಿನಲಿನ್ ಏರುತ್ತದೆ, ಸೆಕೆಂಡುಗಳ ಕೆಲಸ. ಅದರ ಹಿಂದೆಯೇ ಮೆದುಳಿನ ಹೈಪೊಥಲಾಮಸ್ ಪಿಟ್ಯುಟರಿಗೆ ಹೇಳುತ್ತದೆ, ಪಿಟ್ಯುಟರಿ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ, ಆಗ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಬರುತ್ತದೆ. ಅದು ತುದಿ ಮುಟ್ಟಲು 20–30 ನಿಮಿಷ ಬೇಕು. ನೀವು ಕುಂಬಳೆಗೆ ಇಳಿಯುವ ಹೊತ್ತು ಅಂತ ಇಟ್ಟುಕೊಳ್ಳಿ. ಈ ದಾರಿ ಇಬ್ಬರಲ್ಲಿಯೂ ಒಂದೇ.

ಬೇರೆಯಾಗುವುದು ಪ್ರಮಾಣ. 1993ರಲ್ಲಿ ಜರ್ಮನಿಯ ಟ್ರಿಯರ್‌ನಲ್ಲಿ ಒಂದು ಪರೀಕ್ಷೆ ಮಾಡಿದರು, ನಮ್ಮ ಪಿಎಸ್‌ಸಿ ಇಂಟರ್‌ವ್ಯೂನ ದೊಡ್ಡಪ್ಪ ಅದು. ಮುಖ ಗಂಟು ಹಾಕಿ ಕೂತವರ ಮುಂದೆ ಭಾಷಣ, ಆಮೇಲೆ 1022ರಿಂದ 13 ಕಳೆಯುತ್ತಾ ಬಾಯಿಲೆಕ್ಕ. ತಪ್ಪಿದರೆ ಮೊದಲಿನಿಂದ. ಇದರಲ್ಲಿ ಎಂಜಲಿನ ಕಾರ್ಟಿಸೋಲ್ ಸರಾಸರಿ ಗಂಡಸರಲ್ಲಿಯೇ ಜಾಸ್ತಿ ಏರುತ್ತದೆ. ರೀಲ್ಸ್ ನೋಡಿದವರು ಹೆಂಗಸರಲ್ಲಿ ಜಾಸ್ತಿ ಅಂತಲೇ ಅಂದುಕೊಂಡಿರುತ್ತಾರೆ. ಹೆಂಗಸರಲ್ಲಿ ಅದು ಮುಟ್ಟಿನ ಚಕ್ರದ ಜೊತೆ ಬದಲಾಗುತ್ತದೆ. ಚಕ್ರದ ಎರಡನೇ ಅರ್ಧದಲ್ಲಿ ಗಂಡಸರಿಗೆ ಸಮ, ಮೊದಲ ಅರ್ಧದಲ್ಲಿ ಮತ್ತು ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ ಕಡಿಮೆ.

ಒತ್ತಡ ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಒಂದು ಗುಂಪಿಗೆ ಲೆಕ್ಕ, ಬಾಯಿಪಾಠ ಕೊಟ್ಟರು. ಇನ್ನೊಂದು ಗುಂಪಿನವರನ್ನು ಮಾತಿನ ನಡುವೆ ಮೆಲ್ಲಗೆ ಹೊರಗಿಟ್ಟರು. ಮದುವೆಮನೆಯಲ್ಲಿ ಇಬ್ಬರು ನಮ್ಮನ್ನು ಬಿಟ್ಟು ತಾವೇ ಮಾತಾಡುತ್ತಾರಲ್ಲ, ಹಾಗೆ. ಲೆಕ್ಕಕ್ಕೆ ಗಂಡಸರ ಕಾರ್ಟಿಸೋಲ್ ಏರಿತು, ಹೊರಗಿಟ್ಟದ್ದಕ್ಕೆ ಹೆಂಗಸರದ್ದು. ಹುಟ್ಟಿನಿಂದ ಬಂದದ್ದೋ ಬೆಳೆದ ಮನೆಯಿಂದ ಬಂದದ್ದೋ, ಆ ಪ್ರಯೋಗ ಹೇಳುವುದಿಲ್ಲ.

ಮೆದುಳಿನ ಒಳಗೂ ನೋಡಿದ್ದಾರೆ. 2007ರಲ್ಲಿ ಪೆನ್ಸಿಲ್ವೇನಿಯಾದವರು 32 ಜನರನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಅದೇ ಹದಿಮೂರರ ಲೆಕ್ಕ ಮಾಡಿಸಿದರು. ಗಂಡಸರಲ್ಲಿ ಹಣೆಯ ಹಿಂದಿನ ಬಲಭಾಗಕ್ಕೆ ರಕ್ತ ಜಾಸ್ತಿ ಹರಿಯಿತು, ಲೆಕ್ಕ ಮುಗಿದ ಮೇಲೂ ಅದು ಕೂಡಲೇ ಇಳಿಯಲಿಲ್ಲ. ಹೆಂಗಸರಲ್ಲಿ ಒಳಗಿನ ಭಾವನೆಯ ಭಾಗಗಳು, ಇನ್ಸುಲಾ, ಸಿಂಗ್ಯುಲೇಟ್ ಅನ್ನುವವು, ಚುರುಕಾದವು. ನನಗೆ ರುಚಿಸುವುದು ಅದರ ಇನ್ನೊಂದು ತುಣುಕು. ಗಂಡಸರಲ್ಲಿ ಮೆದುಳಿನ ಬದಲಾವಣೆಗೂ ಕಾರ್ಟಿಸೋಲಿಗೂ ಹೊಂದಿಕೆ ಚೆನ್ನಾಗಿ ಕಂಡಿತು, ಹೆಂಗಸರಲ್ಲಿ ಅಷ್ಟು ಇಲ್ಲ. ಗಂಡಸರ ಅಳತೆಗೋಲನ್ನು ಹಿಡಿದು ಹೆಂಗಸರನ್ನು ಅಳೆದರೆ ಹೀಗೇ ಆಗುವುದು.

ಆದರೆ ಇವೆಲ್ಲ ಸರಾಸರಿ. ನಮ್ಮ ಕಡೆ ಗಂಡಸರು ಸರಾಸರಿ ಎತ್ತರ, ಹಾಗಂತ ನಿಮಗಿಂತ ಗಿಡ್ಡ ಗಂಡಸನ್ನು ನೀವು ನೋಡಿಲ್ವಾ? 2015ರಲ್ಲಿ ಟೆಲ್ ಅವೀವ್‌ನ ದಫ್ನಾ ಯೋಯೆಲ್ ತಂಡ 1400ಕ್ಕೂ ಜಾಸ್ತಿ ಮೆದುಳಿನ ಚಿತ್ರಗಳನ್ನು ನೋಡಿತು. ಎಲ್ಲ ಭಾಗವೂ ‘ಗಂಡಿನ ಕಡೆ’ ಅಥವಾ ಎಲ್ಲವೂ ‘ಹೆಣ್ಣಿನ ಕಡೆ’ ಇರುವ ಮೆದುಳು ಸಿಕ್ಕಿದ್ದು ತೀರಾ ಕಡಿಮೆ. ಹೆಚ್ಚಿನವು ಮಿಶ್ರ ತೋಟ. ಕಂಗೂ ಉಂಟು, ಬಾಳೆಯೂ ಉಂಟು, ನಡುವೆ ಕೊಕ್ಕೋ, ಮೇಲೆ ಹಬ್ಬಿದ ಕಾಳುಮೆಣಸು.

ಹಾಂ, ಇಲಿಗಳ ಒಂದು ಮಾತು ಹೇಳದೆ ಹೋದರೆ ನನಗೆ ಸಮಾಧಾನ ಇಲ್ಲ. 2014ರಲ್ಲಿ ಕೆನಡಾದ ಜೆಫ್ರಿ ಮೊಗಿಲ್ ತಂಡ ಕಂಡುಕೊಂಡದ್ದು: ಗಂಡಸೊಬ್ಬ ಹತ್ತಿರ ಇದ್ದರೆ ಸಾಕು, ಇಲಿಗಳಿಗೆ ಒತ್ತಡ. ಗಂಡಸು ಹಾಕಿದ ಟೀ ಶರ್ಟ್ ಇಟ್ಟರೂ ಹಾಗೇ. ಅದನ್ನು ಓದಿದ ವಾರವೇ ನಮ್ಮ ಲ್ಯಾಬಿನ ಹುಡುಗರ ಅಂಗಿಗಳಿಗೆ ಬಾಗಿಲ ಹೊರಗೆ ಮೊಳೆ ಹೊಡೆದೆವು.

ಸೈರನ್, ಉಪ್ಪಳ

ನನ್ನ ಮನೆಮಾತು ತುಳು, ಶಾಲೆ ಕನ್ನಡ, ಕಾಗದಪತ್ರ ಎಲ್ಲ ಮಲಯಾಳ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆಂಬುಲೆನ್ಸ್ ಓಡಿಸಲು ಶುರು ಮಾಡಿ 14 ವರ್ಷ ಆಯಿತು. ಇಲ್ಲಿಂದ ಮಂಗಳೂರಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ.

ವಿಜ್ಞಾನ ನನಗೆ ಗೊತ್ತಿಲ್ಲ. ಹಿಂದೆ ಕೂತವರನ್ನು ಕನ್ನಡಿಯಲ್ಲಿ ನೋಡಿ ಗೊತ್ತು. ಗಂಡಸು ಅಳುತ್ತಾನಾ ಹೆಂಗಸು ಅಳುತ್ತಾಳಾ ಅಂತ ಕೇಳಿದರೆ, ಕೈಯಲ್ಲಿ ಕೆಲಸ ಇಲ್ಲದವರು ಅಳುತ್ತಾರೆ. ಹಾಗಾಗಿ ಯಾರು ಜಾಸ್ತಿ ಬೊಬ್ಬೆ ಹಾಕುತ್ತಾರೋ ಅವರ ಕೈಗೆ ಡ್ರಿಪ್ ಬಾಟಲಿ ಕೊಡಿಸುತ್ತೇನೆ. ‘ಮೇಲೆ ಹಿಡಿಯಿರಿ, ಇಳಿಸಬೇಡಿ’ ಅಂತ ಜೋರು ಮಾಡುತ್ತೇನೆ. ತಲಪಾಡಿ ಬರುವವರೆಗೆ ಉಸಿರೆತ್ತುವುದಿಲ್ಲ. ಅಕ್ಕ, ಆ ರಾತ್ರಿ ಸ್ಟೇರಿಂಗ್ ಹಿಡಿದದ್ದು ನೀವು. ನಿಮ್ಮ ಯಜಮಾನರ ಕೈಗೆ ಸ್ಟೇರಿಂಗ್ ಕೊಟ್ಟಿದ್ದರೆ ಅಳುವ ಸರದಿ ನಿಮ್ಮದು ಆಗುತ್ತಿತ್ತೇನೋ.

ನನ್ನದೂ ಹೇಳುತ್ತೇನೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಗಡಿ ಮುಚ್ಚಿತಲ್ಲ. ರಸ್ತೆಗೆ ಮಣ್ಣು ಸುರಿದಿತ್ತು. ರೋಗಿಯನ್ನು ಹಿಂದೆ ಮಲಗಿಸಿಕೊಂಡು ಗಾಡಿ ತಿರುಗಿಸಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಳಲೂ ಇಲ್ಲ. ನಾಲ್ಕು ತಿಂಗಳು ಬೂತಾಯಿ ಮೀನಿನ ಸಾರು ಬಡಿಸಿದರೂ ಬಾಯಿಗೆ ಇಡಲಿಲ್ಲವಂತೆ ನಾನು. ಹೆಂಡತಿ ಹೇಳಿದ ಮೇಲೆಯೇ ಗೊತ್ತಾದದ್ದು. ಬೀಪಿ ನೋಡಿಸಿದರೆ 170.

ನಿವೃತ್ತ ಸಿಸ್ಟರ್, ಮಂಜೇಶ್ವರ

ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದವಳು ನಾನು. ಒಂದು ವಿಷಯ ಸೇರಿಸುತ್ತೇನೆ, 48 ದಾಟಿದ ಹೆಂಗಸರು ಓದಬೇಕು.

ನನ್ನ ದೊಡ್ಡಮ್ಮನ ಮಗಳು, 66 ವರ್ಷ. ಭಾವ ತೀರಿಹೋದ ಮೂರನೇ ದಿನ ಎದೆನೋವು, ಬೆವರು. ಇಸಿಜಿ ನೋಡಿದರೆ ಹಾರ್ಟ್ ಅಟ್ಯಾಕ್ ಥರವೇ. ಆಂಜಿಯೋಗ್ರಾಮ್ ಮಾಡಿದರೆ ರಕ್ತನಾಳ ಚೊಕ್ಕ, ಎಲ್ಲಿಯೂ ಬ್ಲಾಕ್ ಇಲ್ಲ. ಹೃದಯದ ಎಡಕೋಣೆಯ ತುದಿ ಮಾತ್ರ ಉಬ್ಬಿ, ಕತ್ತು ಸಣ್ಣಗಾಗಿ ಮಡಕೆಯ ಹಾಗೆ ಆಗಿತ್ತು. ಇದಕ್ಕೆ ತಕೊತ್ಸುಬೊ ಅನ್ನುತ್ತಾರೆ. 1990ರಲ್ಲಿ ಜಪಾನಿನ ಡಾಕ್ಟರುಗಳು ಇಟ್ಟ ಹೆಸರು. ಅಲ್ಲಿ ಮೀನುಗಾರರು ಆಕ್ಟೋಪಸ್, ಮಲಯಾಳದಲ್ಲಿ ನೀರಾಳಿ ಅನ್ನುತ್ತೇವಲ್ಲ, ಅದನ್ನು ಹಿಡಿಯಲು ಕಡಲಿಗೆ ಇಳಿಬಿಡುವ ಮಡಕೆ ಅದು. ಈ ತೊಂದರೆ ಬರುವ ಹತ್ತು ಜನರಲ್ಲಿ ಒಂಬತ್ತು ಹೆಂಗಸರು, ಹೆಚ್ಚಿನವರು ಮುಟ್ಟು ನಿಂತವರು. ಗಂಡಸರಿಗೆ ಬರುವುದು ಅಪರೂಪ, ಬಂದರೆ ಅಪಾಯ ಜಾಸ್ತಿ. ನಮ್ಮಕ್ಕ ಕೆಲವು ವಾರಗಳಲ್ಲಿ ಸರಿಯಾದಳು. ಹೆಚ್ಚಿನವರು ಸರಿಯಾಗುತ್ತಾರೆ. ಹಾಗಂತ ಎದೆನೋವು ಬಂದರೆ ‘ಟೆನ್ಶನ್‌ನಿಂದ’ ಅಂತ ಮನೆಯಲ್ಲಿ ಕೂರಬಾರದು. ಯಾವ ಎದೆನೋವು ಯಾವುದು ಅಂತ ಆಸ್ಪತ್ರೆಯಲ್ಲಿಯೇ ಗೊತ್ತಾಗುವುದು.

ಕಂಗಿನತೋಟ

ಎಲ್ಲರಿಗೂ ಉಪಕಾರ. ಸಿಸ್ಟರ್, ನನಗೆ ಎದೆನೋವು ಇಲ್ಲ. ಆದರೆ ಇಲಿಬೋನು ತಂಗಿ, ನನ್ನ ಎರಡು ಗಂಟೆ ಬಾಕಿ ಉಳಿಯಿತಲ್ಲ. ಆವಾಗ ಕಲ್ಲಿನ ಹಾಗೆ ಇದ್ದವಳು ಐದು ದಿನ ಕಳೆದ ಮೇಲೆ ಲೋಟದ ಶಬ್ದಕ್ಕೆ ನಡುಗಿದ್ದು ಎಂತಕ್ಕೆ?

ಇಲಿಬೋನು

ಅಕ್ಕ, ನಿಮ್ಮ ತಲೆಯೊಳಗೆ ಹೀಗೇ ಆಯಿತು ಅಂತ ನಾನು ಹೇಳಲಾರೆ. ಆದರೆ ಇಲಿಗಳಲ್ಲಿ ಕಂಡದ್ದು ಹೇಳುತ್ತೇನೆ.

ಮೆದುಳಿನ ಬುಡದಲ್ಲಿ ಒಂದು ಪುಟ್ಟ ಜಾಗ ಉಂಟು. ಲೋಕಸ್ ಸೆರೂಲಿಯಸ್, ಅಂದರೆ ನೀಲಿ ಚುಕ್ಕೆ. ಇಡೀ ಮೆದುಳನ್ನು ಎಚ್ಚರ ಇಡುವ ನಾರ್‌ಅಡ್ರಿನಲಿನ್ ಹೆಚ್ಚಾಗಿ ಅಲ್ಲಿಂದ ಬರುತ್ತದೆ. ಒತ್ತಡದ ಸಂದೇಶ ತಲುಪಿದರೆ ಈ ಚುಕ್ಕೆ ಜೋರಾಗಿ ಕೆಲಸ ಮಾಡುತ್ತದೆ. 2010ರಲ್ಲಿ ಫಿಲಡೆಲ್ಫಿಯಾದ ಡೆಬ್ರಾ ಬಂಗಾಸರ್ ಮತ್ತು ರೀಟಾ ವ್ಯಾಲೆಂಟಿನೊ ಇದನ್ನೇ ನೋಡಿದರು. ಒತ್ತಡ ಕೊಟ್ಟ ಮೇಲೆ ಗಂಡು ಇಲಿಯ ಕೋಶಗಳು ಆ ಸಂದೇಶ ಹಿಡಿಯುವ ರಿಸೆಪ್ಟರುಗಳನ್ನು ಒಳಗೆ ಎಳೆದುಕೊಂಡವು. ಮಳೆಗಾಲದಲ್ಲಿ ಬಸವನಹುಳುವನ್ನು ಮುಟ್ಟಿದರೆ ಕೊಂಬು ಒಳಗೆ ಹೋಗುತ್ತದಲ್ಲ, ಹಾಗೆ. ಹೆಣ್ಣು ಇಲಿಯಲ್ಲಿ ಅವು ಹೊರಗೇ ಉಳಿದವು. ಕೊಂಬು ಹೊರಗೇ ಇದ್ದರೆ ಮುಂದಿನ ಸಣ್ಣ ಸಂದೇಶವೂ ಜೋರಾಗಿಯೇ ಕೇಳುತ್ತದೆ. ನಿದ್ದೆ ಕೆಡುವುದು, ಸಣ್ಣ ಶಬ್ದಕ್ಕೆ ಬೆಚ್ಚುವುದು, ದೊಡ್ಡ ಆಘಾತದ ನಂತರದ ಇಂಥ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು. ಅದಕ್ಕೆ ಇದು ಒಂದು ಕಾರಣವಾ ಅಂತ ಹುಡುಕುತ್ತಿದ್ದಾರೆ. ಇಲಿಗೆ ಅತ್ತೆ ಇಲ್ಲ, ಮಾವ ಇಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯುವುದೂ ಇಲ್ಲ. ಅದನ್ನು ಮರೆಯಬಾರದು.

ಇನ್ನು ನಿಮ್ಮ ವಯಸ್ಸು. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೋಜನ್ ಏರಿಳಿಯುತ್ತದೆ, ಮೈ ಬಿಸಿಯೇರಿ ನಡುರಾತ್ರಿ ಎಚ್ಚರ ಆಗುವುದು ಆಗ ಸಾಮಾನ್ಯ. ಎರಡೂ ಸೇರಿಕೊಂಡಿರಬಹುದು. ಒಂದು ಸಲ ಡಾಕ್ಟರಿಗೆ ತೋರಿಸಿ, ಥೈರಾಯ್ಡೂ ನೋಡಲಿ.

ಸೈರನ್ ಅಣ್ಣ, ನಿಮಗೂ ಒಂದು ಮಾತು. ಖಿನ್ನತೆ ಹೆಂಗಸರಲ್ಲಿ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವವರಲ್ಲಿ ಮೂರರಲ್ಲಿ ಎರಡಕ್ಕೂ ಹೆಚ್ಚು ಪಾಲು ಗಂಡಸರು. ಬೂತಾಯಿ ಬಿಟ್ಟ ಗಂಡಸಿನ ಬಗ್ಗೆ ಯಾರೂ ರೀಲ್ಸ್ ಮಾಡುವುದಿಲ್ಲ. ಮನಸ್ಸಿಗೆ ತಡೆಯದಾದರೆ 14416ಕ್ಕೆ ಫೋನು ಮಾಡಬಹುದು. ಸರಕಾರದ್ದು, ದುಡ್ಡಿಲ್ಲ, ಕನ್ನಡದಲ್ಲಿಯೂ ಮಾತಾಡುತ್ತಾರೆ.

ಸೈರನ್

ಈಗ ತಿನ್ನುತ್ತೇನೆ ತಂಗಿ. ಬೀಪಿಗೆ ಮಾತ್ರೆಯೂ ಉಂಟು. ನಂಬರು ಬರೆದುಕೊಂಡೆ, ನಮ್ಮ ಸ್ಟ್ಯಾಂಡಿನಲ್ಲಿ ಒಬ್ಬ ಇದ್ದಾನೆ, ಅವನಿಗೆ ಕೊಡಬೇಕು.

ಕಂಗಿನತೋಟ

ನಿನ್ನೆ ಊಟ ಆದ ಮೇಲೆ ಇದನ್ನೆಲ್ಲ ಯಜಮಾನರಿಗೆ ಓದಿ ಹೇಳಿದೆ. ಅರ್ಧದಲ್ಲಿ ತಡೆದರು. ‘ಎಂತ ಬರೆದಿದ್ದಿ ನೀನು? ದಾರಿಯಲ್ಲಿ ಒಂದು ಮಾತು ಆಡಲಿಲ್ಲವಾ? ನೀನು ಬಾಯಿ ಮುಚ್ಚಿದ್ದೇ ಇಲ್ಲ. ಮಾವ, ಸೀತಾಂಗೋಳಿ ದಾಟಿತು. ಮಾವ, ಕುಂಬಳೆ ಬಂತು. ಮಾವ, ಇದು ಹೊಸಂಗಡಿ, ನಿದ್ದೆ ಮಾಡಬೇಡಿ. ಮಂಗಳೂರಿನವರೆಗೂ ಇದೇ.’

ನಾನು ನಂಬಲಿಲ್ಲ. ಮಾವ ಚಾವಡಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು. ಹೋಗಿ ಕೇಳಿದೆ. ‘ಹೌದು ಮಗಳೇ, ಬಸ್ಸಿನ ಕಂಡಕ್ಟರನ ಹಾಗೆ ಊರಿನ ಹೆಸರು ಹೇಳುತ್ತಾ ಇದ್ದೆ. ಇಳಿಯುವ ಜಾಗ ಬಂತೋ ಅಂತ ನಾನು ಕಾಯುತ್ತಾ ಇದ್ದೆ’ ಅಂದರು.

ನನಗೆ ಒಂದು ಅಕ್ಷರ ನೆನಪಿಲ್ಲ. ಈಗಲೂ ಆ ಕರಕರ ಒಂದೇ.

ಇಲಿಬೋನು

ಅಯ್ಯೋ ಅಕ್ಕ, ಇದನ್ನು ಮೊದಲೇ ಬರೆಯಬಾರದಿತ್ತಾ! ಭಯದಲ್ಲಿ ಮೆದುಳು ಒಂದನ್ನು ಗಟ್ಟಿಯಾಗಿ ಅಂಟಿಸಿಕೊಳ್ಳುತ್ತದೆ, ಸುತ್ತಲಿನದ್ದು ಜಾರಿಹೋಗುತ್ತದೆ. ನಿಮಗೆ ಅಂಟಿದ್ದು ವೈಪರ್. ನಾನು ಇಲ್ಲಿ ನೀವು ಮಾತಾಡದೆ ಇದ್ದುದಕ್ಕೆ ಉದ್ದುದ್ದ ಕಾರಣ ಕೊಟ್ಟು ಕೂತಿದ್ದೇನೆ.

ಸೈರನ್

ಅಕ್ಕ, ಆ ವೈಪರಿನ ರಬ್ಬರು ಬದಲಿಸಿದಿರಾ?

ಕಂಗಿನತೋಟ

ಇಲ್ಲ ಮಾರಾಯ್ರೆ. ನಾಳೆ ಬದಿಯಡ್ಕ ಪೇಟೆಗೆ ಹೋಗುವುದುಂಟು.